ಕಡಪಾ ಕಲ್ಲು, ನೀರಿನ ಅಕ್ಷರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮವರೆಲ್ಲ ಹೇಳುತ್ತಾರೆ. ಸುಳ್ಳು. ನನ್ನ ಸಿಟ್ಟು ಇರುವುದು ಬಲಗೈಯಲ್ಲಿ. ಮದುವೆ ಮನೆಯಲ್ಲಿ ಯಾರಾದರೂ ಬಂದು, ನಿನ್ನ ಅಕ್ಷರ ಚೆಂದ, ಪಾಟಿಯ ಮೇಲೆ ಗಂಡು ಹೆಣ್ಣಿನ ಹೆಸರು ಬರೆದುಕೊಡು ಎಂದರೆ ಸಾಕು, ಆ ಕೈ ತಾನಾಗಿ ಮುಷ್ಟಿ ಕಟ್ಟಿಕೊಳ್ಳುತ್ತದೆ. ನಾನು ಬರೆದುಕೊಡುವುದಿಲ್ಲ. ಇವಳಿಗೆ ಜಂಬ ಎನ್ನುತ್ತಾರೆ. ಅನ್ನಲಿ. ಬಂಬೈಯ ವಿಕ್ರೋಳಿಯ ಎರಡು ಖೋಲಿಯ ಮನೆಯಲ್ಲಿ ಈ ಕೈಯನ್ನು ಯಾರು ಯಾವುದಕ್ಕೆ ಬಳಸಿಕೊಂಡರು, ಯಾವುದಕ್ಕೆ ಕೂಡದು ಎಂದರು ಎನ್ನುವುದು ಗೊತ್ತಿಲ್ಲದವರು ಹಾಗೆ ಅನ್ನುವುದು ಸಹಜವೇ.

ನಮ್ಮ ಮನೆ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿತ್ತು. ಅಪ್ಪ ವಿಜಾಪುರದ ಕಡೆಯಿಂದ ಕಾರ್ಖಾನೆಯ ನೌಕರಿಗೆಂದು ಬಂದವನು. ಅವನ ಹಿಂದೆ ಅವನ ತಾಯಿ, ಅಂದರೆ ನನ್ನ ಅಜ್ಜಿ, ಆಮೇಲೆ ಅವನ ತಮ್ಮ ಈರಣ್ಣ ಕಾಕಾ ಬಂದು ಸೇರಿಕೊಂಡರು. ಹೊರಗಿನ ಖೋಲಿಯಲ್ಲಿ ಅಜ್ಜಿಯ ಮಂಚ, ಅವಳ ಲಿಂಗಪೂಜೆಯ ಮಣೆ, ಗೋಡೆಗೆ ಒರಗಿಸಿದ ಹಾಸಿಗೆಗಳು. ಒಳಗಿನ ಖೋಲಿಯಲ್ಲಿ ಅಡುಗೆ, ಅದರ ಮೂಲೆಗೆ ನೀರು ಹೊಯ್ದುಕೊಳ್ಳುವ ಮೋರಿ, ಅಂದರೆ ಬಾಗಿಲಿದ್ದ ಸಣ್ಣ ಬಚ್ಚಲು. ಬೆಳಗಾಗುತ್ತಲೇ ಅವ್ವ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಊಟಕ್ಕೆ ಸರತಿ ಇತ್ತು. ಮೊದಲು ಅಪ್ಪ ಮತ್ತು ಕಾಕಾ, ಬಿಸಿಬಿಸಿ. ಅವರದಾದ ಮೇಲೆ ಅಜ್ಜಿ. ಆಮೇಲೆ ನಾನು. ಕೊನೆಗೆ ಅವ್ವ, ತಳದ ಪಲ್ಯ ಬಳಿದುಕೊಂಡು, ಪಲ್ಯ ಮುಗಿದಿದ್ದರೆ ಶೇಂಗಾ ಹಿಂಡಿಯ ಚಟ್ನಿಪುಡಿ ಕಲಸಿಕೊಂಡು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜಿ ನನ್ನ ತಲೆಯ ಮೇಲೊಂದು ಮೊಟಕಿದಳು. ಅವ್ವ ನಕ್ಕಳು. ಆ ನಗು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ, ಮೊಟಕಿದ್ದಕ್ಕಿಂತ ಹೆಚ್ಚು.

ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಗೆ ಹೋಗುತ್ತಿದ್ದೆ. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು. ಅವ್ವ ಒಂದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು, ಬರುವುದು ಸಂಜೆಗೆ. ಅಜ್ಜಿ ಮಾತ್ರ ಮನೆಯಲ್ಲೇ ಇರುತ್ತಿದ್ದಳು. ಆದರೆ ಊಟವಾದ ಕೂಡಲೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಮಲಗಿಬಿಡುತ್ತಿದ್ದಳು. ಬಡಿದರೆ ಏಳುತ್ತಿರಲಿಲ್ಲ. ಎದ್ದರೂ ತೆಗೆಯುತ್ತಿರಲಿಲ್ಲ.

"ನಿದ್ದಿ ಮುರದ್ರ ನನಗ ತಲಿ ನೋಯ್ತೈತಿ. ಅಲ್ಲೇ ಪಾವಟಿಗಿ ಮ್ಯಾಲ ಕುಂದ್ರು."

ಹೀಗೆ ಸ್ವಂತ ಮನೆಯ ಎದುರಿನ ಮೆಟ್ಟಿಲ ಮೇಲೆ ಪುಸ್ತಕದ ದಫ್ತರ ತೊಡೆಯ ಮೇಲಿಟ್ಟುಕೊಂಡು ಕೂರುವುದು ನನ್ನ ದಿನಚರಿಯಾಗಿತ್ತು. ಒಂದು ದಿನ ಕೆಳಗಿನ ಮಹಡಿಯ ಮೇ ಆಂಟಿ ನನ್ನನ್ನು ನೋಡಿ, ಕೈಹಿಡಿದು ತನ್ನ ಪಾರ್ಲರಿಗೆ ಕರೆದುಕೊಂಡು ಹೋದಳು. ಬಿಲ್ಡಿಂಗಿನ ರಸ್ತೆ ಕಡೆಯ ಎರಡು ಖೋಲಿಗಳು ಅವಳವು. ಮುಂದಿನದು ಬ್ಯೂಟಿ ಪಾರ್ಲರ್, ಹಿಂದಿನದು ಮನೆ. ಮುಂದೆ ಅವಳು ಹೆಂಗಸರ ಹುಬ್ಬು ತೀಡುತ್ತಿದ್ದರೆ, ಹಿಂದೆ ಅವಳ ಅಪ್ಪ ಕೂತಿರುತ್ತಿದ್ದರು. ಅವರು ಹಲ್ಲಿನ ಡಾಕ್ಟರಾಗಿದ್ದವರು, ಹಲ್ಲಿನ ಸೆಟ್ಟು ಮಾಡುವುದರಲ್ಲಿ ಹೆಸರುವಾಸಿ. ತಿಯೆನ್ ಡಾಕ್ಟರ್ ಎಂದೇ ಎಲ್ಲರೂ ಕರೆಯುತ್ತಿದ್ದರು. ದವಾಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ರೋಗಿಗಳನ್ನು ಕೂರಿಸುವ ಆ ಹಳೆಯ ಕುರ್ಚಿಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಅದರಲ್ಲೇ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಅವರು ಹುಟ್ಟಿದ್ದು ಚೀನಾದಲ್ಲಿ, ಬಂದದ್ದು ಚಿಕ್ಕ ಹುಡುಗನಾಗಿ. ಮೇ ಆಂಟಿ ಹುಟ್ಟಿದ್ದು ಇಲ್ಲೇ. ಇಬ್ಬರೂ ಮಾತಾಡುತ್ತಿದ್ದುದು ಇಡೀ ಬಿಲ್ಡಿಂಗ್ ಮಾತಾಡುವ ಬಂಬೈ ಹಿಂದಿಯನ್ನೇ.

ಕಲಿಸುತ್ತೇನೆ ಬಾ ಎಂದು ಅವರು ಕರೆಯಲಿಲ್ಲ. ಕಲಿಯುತ್ತೇನೆ ಎಂದು ನಾನೂ ಕೇಳಲಿಲ್ಲ. ಅವರ ಅಡುಗೆ ಕಟ್ಟೆ ಕಡಪಾ ಕಲ್ಲಿನದು, ಕಪ್ಪಗೆ, ಒರೆಸಿ ಒರೆಸಿ ನುಣುಪಾದದ್ದು. ಊಟವಾದ ಮೇಲೆ ಅದನ್ನು ತೊಳೆದು, ಕುಂಚವನ್ನು ಬರೀ ನೀರಿನಲ್ಲಿ ಅದ್ದಿ, ಅವರು ಆ ಕಲ್ಲಿನ ಮೇಲೆ ಬರೆಯುತ್ತಿದ್ದರು. ಅಕ್ಷರ ಒಂದು ಗಳಿಗೆ ಮಿಂಚಿ ಆರಿಹೋಗುತ್ತಿತ್ತು. ಮತ್ತೆ ಬರೆಯುತ್ತಿದ್ದರು. ಮಸಿ ಬೇಡ, ಕಾಗದ ಬೇಡ. ನಾನು ಪಕ್ಕದಲ್ಲಿ ನಿಂತು ನೋಡಿ ನೋಡಿ ಒಂದು ದಿನ ಬೆರಳನ್ನೇ ನೀರಿಗೆ ಅದ್ದಿ ಅವರು ಬರೆದದ್ದರ ಕೆಳಗೆ ನನ್ನದೊಂದನ್ನು ಬರೆದೆ. ಒಂದು ಚೌಕ, ಅದರೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಅದು ಹೊಲ ಎಂಬುದರ ಅಕ್ಷರ, ಅವರ ಮನೆತನದ ಹೆಸರೂ ಅದೇ. ವಿಜಾಪುರದ ಕಡೆಯವಳಿಗೆ ಬದು ಹಾಕಿದ ಹೊಲ ಗೊತ್ತಿರುವುದಿಲ್ಲವೇ? ನಾನು ಬರೆದದ್ದು ಅವರು ಬರೆದಂತೆಯೇ ಇತ್ತು. ಹೊಗಳುತ್ತಾರೆ ಎಂದುಕೊಂಡೆ. ಅವರು ಪಾರ್ಲರಿನ ಬಾಚಣಿಕೆ ತೆಗೆದುಕೊಂಡು ನನ್ನ ಬೆರಳ ಗಿಣ್ಣಿನ ಮೇಲೆ ಬಾರಿಸಿದರು.

"ಹಾಥ್ ಉಠಾ. ಏಕ್ ಸಾಥ್ ನಹೀ. ಹಾಥ್ ಉಠಾ."

ನಾನು ಚೌಕವನ್ನು ಕೈ ಎತ್ತದೆ ಒಂದೇ ಸುತ್ತಿನಲ್ಲಿ ಬರೆದಿದ್ದೆ. ಕನ್ನಡ ಬರೆಯುವ ಕೈ ಅದು. ಸುತ್ತಿ, ತಿರುಗಿ, ಹೊರಟಲ್ಲಿಗೇ ಬಂದು ಸೇರುವುದೇ ಅದಕ್ಕೆ ಅಭ್ಯಾಸ. ಅವರಲ್ಲಿ ಹಾಗಲ್ಲ. ಎಡಗೋಡೆ ಒಂದು ಗೆರೆ, ಕೈ ಎತ್ತಬೇಕು. ಮೇಲ್ಗಡೆಯಿಂದ ಹೋಗಿ ಬಲಕ್ಕೆ ಇಳಿಯುವುದು ಇನ್ನೊಂದು ಗೆರೆ, ಕೈ ಎತ್ತಬೇಕು. ಆಮೇಲೆ ಒಳಗಿನ ಅಡ್ಡ, ಒಳಗಿನ ಉದ್ದ. ಎಲ್ಲರೂ ಒಳಗೆ ಹೋದ ಮೇಲೆ ಕೆಳಗಿನ ಗೆರೆ ಎಳೆದು ಬಾಗಿಲು ಮುಚ್ಚಬೇಕು. ಅಡ್ಡ ಮೊದಲು, ಉದ್ದ ಆಮೇಲೆ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ನನಗೆ ಕೆಟ್ಟ ಸಿಟ್ಟು ಬಂತು. ಬರೆದು ಮುಗಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಯಾವ ಗೆರೆ ಮೊದಲಾದರೇನು, ಯಾರು ನೋಡುತ್ತಾರೆ ಎಂದು ವಾದ ಹಾಕಿದೆ. ಅವರು ಕಲ್ಲು ಒರೆಸಿದರು. ಮಾರನೆಯ ದಿನ ನನಗೊಂದು ಕುಂಚ ಕೊಟ್ಟು, ಹತ್ತಾರು ಸಲ ಬರೆ ಎಂದು ಹೇಳಿ ಮುಂದಿನ ಖೋಲಿಗೆ ಹೋದರು. ಅವರು ಅತ್ತ ಹೋಗುತ್ತಲೇ ನಾನು ನನ್ನ ಪದ್ಧತಿಯಲ್ಲೇ ಸುತ್ತಿ ಸುತ್ತಿ ಬರೆದೆ. ಅವರು ಬಂದು ಕಲ್ಲಿನ ಮೇಲೆ ಬಗ್ಗಿ ಸುಮ್ಮನೆ ನೋಡುತ್ತ ನಿಂತರು. ನೀರು ಆರತೊಡಗಿತು. ಮೊದಲು ಬರೆದ ಗೆರೆ ಮೊದಲು ಆರುತ್ತದೆ. ಚೌಕದ ಕೆಳಗಿನ ಗೆರೆ, ಕೊನೆಗೆ ಉಳಿಯಬೇಕಾದದ್ದು, ಒಳಗಿನ ಗೆರೆಗಳಿಗಿಂತ ಮೊದಲೇ ಮಾಯವಾಯಿತು. ಅವರು ಅದನ್ನು ಬೆರಳಲ್ಲಿ ತೋರಿಸಿದರು. ಬಾಚಣಿಕೆ ಮತ್ತೆ ಬಿತ್ತು. ಅವತ್ತಿನಿಂದ ನಾನು ಗೆರೆಯ ಕ್ರಮದಲ್ಲಿ ಕಳ್ಳಾಟ ಆಡಲಿಲ್ಲ.

ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ನನ್ನ ಮಧ್ಯಾಹ್ನಗಳು ಆ ಕಲ್ಲಿನ ಮುಂದೆ ಕಳೆದವು. ಹೊಗಳಿಕೆ ಎನ್ನುವುದು ಅವರ ಬಾಯಲ್ಲಿ ಇರಲೇ ಇಲ್ಲ. ಸರಿಯಾದರೆ ಹೂಂ, ತಪ್ಪಾದರೆ ಬಾಚಣಿಕೆ. ಆದರೆ ನಾನು ಬರುವ ಹೊತ್ತಿಗೆ ಕಲ್ಲು ತೊಳೆದಿರುತ್ತಿತ್ತು, ನನ್ನ ಎತ್ತರಕ್ಕೆ ಒಂದು ಸ್ಟೂಲು ಹಾಕಿರುತ್ತಿತ್ತು. ನಾನು ಬರುತ್ತೇನೆಂದು ಕಾಯುವ ಜಾಗ ನನಗೆ ಇಡೀ ಬಿಲ್ಡಿಂಗಿನಲ್ಲಿ ಅದೊಂದೇ. ಅವ್ವ ಆಗಾಗ ನನ್ನ ಕೈಯಲ್ಲಿ ಅವರಿಗೆಂದು ರೊಟ್ಟಿ, ಹಿಂಡಿ ಕಳಿಸುತ್ತಿದ್ದಳು. ಅವರು ತಾವೇ ಮಾಡಿಕೊಂಡ ಹಲ್ಲಿನ ಸೆಟ್ಟು ಹಾಕಿಕೊಂಡು ಜೋಳದ ರೊಟ್ಟಿಯನ್ನು ಕಟಕಟ ಎಂದು ತಿನ್ನುತ್ತಿದ್ದರು. ಅವರ ಹೆಸರಿನ ಎರಡನೆಯ ಅಕ್ಷರವನ್ನು ಬರೆಯಿಸಿದ್ದಕ್ಕೆ ಮಾತ್ರ ಲೆಕ್ಕವಿಲ್ಲ. ನೆತ್ತಿಯ ಮೇಲೊಂದು ಚುಕ್ಕೆ, ಕೆಳಗೆ ಕೊಕ್ಕೆ ಹಾಕಿದ ಉದ್ದ ಗೆರೆ, ಎಡಕ್ಕೆ ಎರಡು ಬೀಸು, ಬಲಕ್ಕೆ ಎರಡು. ಇದೊಂದು ಬಂದರೆ ಎಲ್ಲ ಗೆರೆಗಳೂ ಬಂದವು ಎನ್ನುತ್ತಿದ್ದರು.

ಮನೆಯಲ್ಲಿ ಮೊದಮೊದಲು ಯಾರೂ ಇದನ್ನು ಗಮನಿಸಲಿಲ್ಲ. ಒಂದು ಸಂಜೆ ನಾನು ನಮ್ಮ ಅಡುಗೆ ಕಟ್ಟೆಯ ಮೇಲೆ ನೀರಲ್ಲಿ ಬರೆಯುತ್ತಿದ್ದುದನ್ನು ಅಜ್ಜಿ ಕಂಡಳು.

"ಇದೇನಾ ಕಾಗಿ ಕಾಲು ಗೀಚಾಕತ್ತೀ? ಒರಸು ಮೊದ್ಲ."

ಆದರೆ ಅಪ್ಪನಿಗೆ ಅದರಲ್ಲೊಂದು ಮೋಜು ಕಂಡಿತು. ರವಿವಾರ ಅವನ ಕಾರ್ಖಾನೆಯ ಗೆಳೆಯರು, ಧಾರವಾಡ ಬೆಳಗಾವಿ ಕಡೆಯವರು, ಚಹಾಕ್ಕೆ ಬರುತ್ತಿದ್ದರು. ಅವರ ಮುಂದೆ ನನ್ನನ್ನು ನಿಲ್ಲಿಸುತ್ತಿದ್ದ.

"ನಮ್ಮ ಗಿರಿಜಾ ಚೀನಿ ಭಾಷಾ ಬರೀತಾಳ ನೋಡ್ರಿ. ಹೂಂ, ಬರದು ತೋರ್ಸು."

ನಾನು ಬರೆಯುತ್ತಿದ್ದೆ. ಅವರು ಚಹಾ ಹೀರುತ್ತ ಭಲೆ ಭಲೆ ಎನ್ನುತ್ತಿದ್ದರು, ಒಬ್ಬ ಚಾಕಲೇಟು ಕೊಡುತ್ತಿದ್ದ. ಮಂಗ ಆಡಿಸುವವನು ಮಂಗನಿಗೆ ಕಡಲೆ ಕೊಡಿಸಿದ ಹಾಗೆ. ಅವರು ಹೋದ ಮೇಲೆ ಏನು ಬರೆದೆ, ಯಾರು ಕಲಿಸಿದರು, ಹೇಗೆ ಕಲಿಸಿದರು ಎಂದು ಅಪ್ಪ ಒಂದು ದಿನವೂ ಕೇಳಲಿಲ್ಲ. ಕೆಳಗಿಳಿದು ಹೋಗಿ ಆ ಮುದುಕರಿಗೆ ಒಂದು ನಮಸ್ಕಾರ ಹೇಳಿ ಬರಲಿಲ್ಲ.

ಆ ಹೊತ್ತಿಗೆ ಈರಣ್ಣ ಕಾಕಾನ ಕೆಲಸ ಹೋಗಿತ್ತು. ಊರಲ್ಲಿ ಎಲ್ಲೆಲ್ಲೂ ಚೈನೀಸ್ ಗಾಡಿಗಳು ಏಳುತ್ತಿದ್ದ ಕಾಲ. ಕಾಕಾ ಎಲ್ಲೋ ನೋಡಿಕೊಂಡು ಬಂದು ಸ್ಟೇಷನ್ನಿನ ಹೊರಗೆ ತಾನೂ ಒಂದು ಕೈಗಾಡಿ ನಿಲ್ಲಿಸಿದ. ಮೊಟ್ಟೆ ಕೂಡ ಮುಟ್ಟದ ಮನೆತನ ನಮ್ಮದು. ಹಾಗಾಗಿ ಕೋಸುಗಡ್ಡೆಯ ಮಂಚೂರಿ, ಬರೀ ತರಕಾರಿಯ ನೂಡಲ್ಸು. ಉಳಿದ ಗಾಡಿಗಳ ಮೇಲೆ ಹಾವು, ಡ್ರ್ಯಾಗನ್ ಚಿತ್ರ ಮಾತ್ರ ಇದ್ದವು. ಕಾಕಾನಿಗೆ ಮನೆಯಲ್ಲೇ ಅಕ್ಷರ ಬರೆಯುವವಳು ಸಿಕ್ಕಿದ್ದಳು.

"ಪೇಂಟರ್‌ಗ ಹೇಳಿದ್ರ ಸುಳ್ಳ ಗೀಚತಾನ. ನೀ ಬರದ್ರ ಅಸಲಿ. ಧಂದಾ ಜೋರ ಆಗತೈತಿ."

ತಗಡಿನ ಮೇಲೆ ಕೆಂಪು ಪೇಂಟಿನಲ್ಲಿ ಅನ್ನ, ಶಾವಿಗೆ ಎಂಬ ಎರಡು ಅಕ್ಷರ ಬರೆದುಕೊಟ್ಟೆ. ಮೊದಲು ಕಲ್ಲಿನ ಮೇಲೆ ಬರೆದು ತಿಯೆನ್ ಡಾಕ್ಟರಿಗೆ ತೋರಿಸಿದ್ದೆ. ಅವರು ತಿದ್ದಿದ್ದರು. ಅಜ್ಜಿ ಆ ತಗಡಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗಿದಳು. ಗೀಚಿದ ಕಾಗೆ ಕಾಲಿಗೆ ಈಗ ಪೂಜೆ. ಧಂದೆ ನಿಜಕ್ಕೂ ಜೋರಾಯಿತು. ಗಿರಾಕಿಗಳು ಬೋರ್ಡು ತೋರಿಸಿ ಇದೇನು ಎಂದು ಕೇಳುತ್ತಿದ್ದರಂತೆ, ನಮ್ಮ ಅಣ್ಣನ ಮಗಳು ಬರೆದದ್ದು ಎಂದು ಕಾಕಾ ಎದೆ ಉಬ್ಬಿಸಿ ಹೇಳುತ್ತಿದ್ದನಂತೆ. ಆಗ ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಏಳನೆಯಲ್ಲಿದ್ದಾಗ ತಿಯೆನ್ ಡಾಕ್ಟರ ಕೈ ನಡುಗಲು ಶುರುವಾಯಿತು. ಕುಂಚ ಹಿಡಿದರೆ ನೀರೆಲ್ಲ ಕಲ್ಲಿನ ಮೇಲೆ ಚೆಲ್ಲುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಆ ದಿನಗಳಲ್ಲಿ ಬರೆಸಿದ್ದು ಅವರ ಹೆಸರಿನ ಮೂರು ಅಕ್ಷರಗಳನ್ನು ಮಾತ್ರ, ದೊಡ್ಡದಾಗಿ, ಮೇಲಿಂದ ಕೆಳಕ್ಕೆ. ಯಾಕೆ ಎಂದು ಕೇಳಿದೆ. ಅವರ ಹೆಂಡತಿಯ ಸಮಾಧಿ ಚೀನಾದವರ ಸ್ಮಶಾನದಲ್ಲಿತ್ತು. ಆ ಕಲ್ಲಿನ ಮೇಲಿನ ಹೆಸರನ್ನು ಅವರೇ ಕಾಗದದ ಮೇಲೆ ಬರೆದುಕೊಟ್ಟಿದ್ದರು, ಕಲ್ಲುಕುಟಿಗ ಅದನ್ನು ಕಲ್ಲಿಗೆ ಅಂಟಿಸಿಕೊಂಡು ಕಡೆದಿದ್ದ. ಪಕ್ಕದ ಜಾಗ ಇವರಿಗೆಂದು ಇತ್ತು. ಇವರದನ್ನು ಬರೆಯುವವರು ಯಾರು? ಗೊತ್ತಿದ್ದ ಗೆಳೆಯರೆಲ್ಲ ಊರು ಬಿಟ್ಟಿದ್ದರು, ಇಲ್ಲವೇ ಹೋಗಿಬಿಟ್ಟಿದ್ದರು. ಕಾನ್ವೆಂಟಿನಲ್ಲಿ ಓದಿದ ಮೇ ಆಂಟಿಗೆ ಅಪ್ಪನ ಹೆಸರು ಕಂಡರೆ ಗುರುತು ಸಿಗುತ್ತಿತ್ತು, ಬರೆಯಲು ಬರುತ್ತಿರಲಿಲ್ಲ.

"ಮೇ ಕೋ ನಹೀ ಆತಾ. ತೂ ಲಿಖೇಗೀ. ಪಕ್ಕಾ?"

"ಪಕ್ಕಾ," ಎಂದೆ, ಅವರ ಹೆಸರು ನಾನೇ ಬರೆಯುತ್ತೇನೆ ಎಂದು. ಅವರು ಹೂಂ ಎಂದರು. ನನ್ನ ಆಯುಷ್ಯದಲ್ಲಿ ನಾನು ಕೊಟ್ಟ ಮೊದಲ ಮಾತು ಅದು.

ಅವರು ತೀರಿಕೊಂಡದ್ದು ದೀಪಾವಳಿಯ ಆಸುಪಾಸಿನಲ್ಲಿ. ಮಣ್ಣಿಗೆ ನನ್ನನ್ನು ಕಳಿಸಲಿಲ್ಲ. ಅದಾಗಿ ಕೆಲವು ವಾರಕ್ಕೆ, ಗೋರಿಗೆ ಕಲ್ಲು ನಿಲ್ಲಿಸುವ ದಿನ ಗೊತ್ತುಮಾಡಿಕೊಂಡು, ಒಂದು ರವಿವಾರ ಮೇ ಆಂಟಿ ಮೇಲೆ ಬಂದಳು. ಕೈಯಲ್ಲಿ ಉದ್ದಕ್ಕೆ ಸುತ್ತಿದ ಬಿಳಿ ಕಾಗದ, ಮಸಿಯ ಬಾಟಲಿ, ಅವರ ಕುಂಚ. ಅಪ್ಪ, ಕಾಕಾ ಊಟಕ್ಕೆ ಕೂತಿದ್ದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಆಂಟಿ ಹೊರಗೇ ನಿಂತು, ಗಿರಿ ಬಂದು ಹೆಸರು ಬರೆದುಕೊಡಲಿ, ಪಪ್ಪಾನ ಆಸೆ ಅದು ಎಂದು ಹಿಂದಿಯಲ್ಲಿ ಕೇಳಿದಳು. ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಇದು ಚೆನ್ನಾಗಿಯೇ ಅರ್ಥವಾಯಿತು. ಒಳಗೆ ತಿರುಗಿ ಅಪ್ಪನಿಗೆ ಹೇಳಿದಳು.

"ಗೋರಿ ಮ್ಯಾಲಿನ ಹೆಸರು ಬರೀಬೇಕಂತ ನಿನ್ನ ಮಗಳು. ಕೇಳಿದಿ? ನಾಳೆ ಲಗ್ನ ಆಗಿ ಹೋಗೋ ಹುಡುಗಿ."

"ಅದ ಕೈಲೆ ನಾಳೆ ನನ್ನ ಅಂಗಡಿ ಬೋರ್ಡ್ ಬರೀಬೇಕಾಗೈತಿ," ಎಂದ ಕಾಕಾ. ಗಾಡಿ ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದಿದ್ದ, ಅದರ ಮುಹೂರ್ತ ಹತ್ತಿರದಲ್ಲಿತ್ತು. "ಹೆಣದ ಹೆಸರು ಬರದ ಕೈ ನನ್ನ ಬೋರ್ಡಿಗೆ ಬ್ಯಾಡ. ಅಣ್ಣಾ, ಹೇಳಿ ಕಳಿಸು."

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಎದುರು ಮನೆಯ ಮರಾಠಿ ಬಾಯಿ ತೀರಿಕೊಂಡವರ ಮನೆಗೆ ಹೋಗಿ ಬಂದು ಸ್ನಾನ ಮಾಡದೆ ಏನನ್ನೂ ಮುಟ್ಟುತ್ತಿರಲಿಲ್ಲ. ಅವಳನ್ನು ನೋಡಿ ಇದೇ ಅಜ್ಜಿ ನಗುತ್ತಿದ್ದಳು. ಕೊರಳಾಗ ಲಿಂಗ ಇದ್ದವರಿಗೆ ಯಾವ ಸೂತಕ, ಯಾವ ಮೈಲಿಗಿ ಎಂದು ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ನಮ್ಮಲ್ಲೂ ಸತ್ತವರನ್ನು ಹೂಳುವುದೇ. ನಮ್ಮ ಅಜ್ಜನ ಗದ್ದುಗೆಗೆ ಹೆಸರಿನ ಕಲ್ಲು ಹಾಕಿಸಿದವನು ನಮ್ಮಪ್ಪನೇ. ಆ ಅಪ್ಪ ರೊಟ್ಟಿ ಮುರಿಯುತ್ತಲೇ ತಲೆ ಎತ್ತಿ ಬಾಗಿಲ ಕಡೆ ನೋಡಿ ಹೇಳಿದ:

"ಲಡ್ಕೀ ಕಾ ತಬಿಯತ್ ಠೀಕ್ ನಹೀ ಹೈ, ಬೆಹೆನ್."

ನಾನು ಗುಂಡುಕಲ್ಲಿನ ಹಾಗೆ ಅವನ ಹಿಂದೆಯೇ ನಿಂತಿದ್ದೆ. ಆಂಟಿ ನನ್ನನ್ನು ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ.

"ನನಗೇನೂ ಆಗಿಲ್ಲ. ನಾ ಬರೀತೀನಿ. ನಾ ಮಾತು ಕೊಟ್ಟೀನಿ," ಎಂದು ಬಾಗಿಲ ಕಡೆ ಓಡಿದೆ.

ಅಪ್ಪ ಎದ್ದು ಎಂಜಲು ಕೈಯಿಂದಲೇ ನನ್ನ ರಟ್ಟೆ ಹಿಡಿದ. ಎಳೆದುಕೊಂಡು ಹೋಗಿ ಮೋರಿಯೊಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ. ಒದ್ದೆ ನೆಲ, ಬಕೆಟ್ಟು, ಅವ್ವನ ಒಗೆಯುವ ಕಲ್ಲು. ನಾನು ಬಾಗಿಲು ಗುದ್ದುತ್ತಿದ್ದೆ. ಗುದ್ದುವುದನ್ನು ನಿಲ್ಲಿಸಿದಾಗ ಕಿವಿಗೆ ಬಿದ್ದದ್ದು ಎರಡೇ. ಮೆಟ್ಟಿಲು ಇಳಿಯುವ ಚಪ್ಪಲಿಯ ಸಪ್ಪಳ, ಮತ್ತು ಇನ್ನೊಂದು ರೊಟ್ಟಿ ಹಾಕಲೇನು ಎಂದು ಅವ್ವ ಅಪ್ಪನನ್ನು ಕೇಳಿದ ಮಾತು. ಅಜ್ಜಿಯನ್ನು ನಾನು ಅರ್ಥ ಮಾಡಿಕೊಂಡೇನು, ಅಪ್ಪನನ್ನು ಮರೆತೇನು. ಆ ರೊಟ್ಟಿಯ ಮಾತನ್ನು ಇವತ್ತಿಗೂ ನುಂಗಲು ಆಗಿಲ್ಲ. ರಾತ್ರಿ ಊಟಕ್ಕೆ ಕರೆದಾಗ ಅವ್ವನನ್ನೇ ಕೇಳಿದೆ.

"ನೀ ಯಾಕ ಸುಮ್ನ ಇದ್ದೀ? ನೀನ ಅವರಿಗೆ ರೊಟ್ಟಿ ಕಳಸ್ತಿದ್ದಿ."

"ನಾ ಹೇಳಿದ್ರ ಯಾರು ಕೇಳ್ತಾರ ಈ ಮನ್ಯಾಗ? ಉಣ್ಣು ಬಾ."

ಉಣ್ಣಲಿಲ್ಲ. ಕಲ್ಲು ನಿಲ್ಲಿಸುವ ದಿನ ಮುಗಿಯುವವರೆಗೆ ನನ್ನನ್ನು ಶಾಲೆಗೆ ಬಿಡುವುದು, ಕರೆತರುವುದು ಎಲ್ಲ ಕಾಕಾನ ಪಾಲಿಗೆ ಬಂತು. ಈಗ ಮಧ್ಯಾಹ್ನ ಅಜ್ಜಿ ತಾನಾಗಿ ಬಾಗಿಲು ತೆಗೆಯುತ್ತಿದ್ದಳು. ಮೂರು ವರ್ಷ ನಿದ್ದೆ ಮುರಿದರೆ ನೋಯುತ್ತಿದ್ದ ತಲೆ, ಹುಡುಗಿ ಕೆಳಗೆ ಹೋಗಬಾರದು ಎಂದ ಕೂಡಲೇ ನೆಟ್ಟಗಾಗಿತ್ತು. ಕಾವಲು ಸಡಿಲಾದ ಮೇಲೆ ಒಂದು ದಿನ ತಪ್ಪಿಸಿಕೊಂಡು ಪಾರ್ಲರಿಗೆ ಹೋದೆ. ಆಂಟಿ ಒಬ್ಬಳ ಹುಬ್ಬು ತೀಡುತ್ತಿದ್ದಳು, ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಆಂಟಿ, ಈಗ ಬರೆದುಕೊಡುತ್ತೇನೆ ಎಂದೆ. ಅವಳು ಒಂದು ಹುಬ್ಬು ಮುಗಿಸಿ, ಇನ್ನೊಂದನ್ನೂ ಮುಗಿಸಿ, ದಾರ ಬಾಯಿಂದ ತೆಗೆದಳು.

"ಹೋ ಗಯಾ, ಗಿರಿ. ಇಂಗ್ಲಿಷ್ ಮೇ ಡಾಲ್ ದಿಯಾ."

ಅಷ್ಟೇ. ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಗಿರಾಕಿಯ ಮುಖಕ್ಕೆ ಪೌಡರ್ ಹಚ್ಚತೊಡಗಿದಳು. ಒಂದು ಗೆರೆ ಮುಂದೆ ಹಿಂದೆ ಆದರೆ ಸಹಿಸದ ಮನುಷ್ಯ, ತಮ್ಮ ಕೈಯಲ್ಲಿ ಬರೆದ ಹೆಂಡತಿಯ ಹೆಸರಿನ ಪಕ್ಕ, ಇಂಗ್ಲಿಷ್ ಅಕ್ಷರಗಳ ಕೆಳಗೆ ಮಲಗಿದ್ದರು. ನಾನು ಮಾತು ಕೊಟ್ಟಿದ್ದೆ, ನನ್ನ ಮನೆಯವರು ಅದನ್ನು ಎಂಜಲು ಕೈಯಲ್ಲಿ ಅಳಿಸಿ ಹಾಕಿದ್ದರು. ಅವತ್ತು ಮೆಟ್ಟಿಲು ಹತ್ತುವಾಗ ನನಗೆ ಅಳು ಬರಲಿಲ್ಲ. ಹಲ್ಲು ಕಚ್ಚಿಕೊಂಡೇ ಹತ್ತಿದೆ.

ಅಂಗಡಿಯ ಮುಹೂರ್ತಕ್ಕೆ ಎರಡು ದಿನ ಮೊದಲು ಕಾಕಾ ದೊಡ್ಡದೊಂದು ಹಲಗೆ ತಂದು ಅಂಗಡಿಯ ಗೋಡೆಗೆ ಒರಗಿಸಿದ. ಹಳದಿ ಬಣ್ಣ ಬಳಿದಿತ್ತು. ನಾನು ಬರೆಯುವುದಿಲ್ಲ ಎನ್ನಬಹುದು ಎಂದು ಮನೆಯಲ್ಲಿ ಎಲ್ಲರಿಗೂ ಅಂಜಿಕೆ ಇತ್ತು. ಅಪ್ಪ ಹೊಸ ಲಂಗ ತಂದಿದ್ದ. ನಾನು ತಕರಾರು ಮಾಡಲಿಲ್ಲ. ಸ್ಟೂಲು ಹಾಕಿಕೊಂಡು ಹತ್ತಿದೆ.

"ಮೂರು ಅಕ್ಷರ ಬರೀತೀನಿ ಕಾಕಾ. ದೊಡ್ಡು."

"ಏನಂತ ಬರೀತೀ?"

"ಛಲೋ ಐತಿ. ಇದಕ್ಕಿಂತ ಛಲೋದು ನನಗ ಬರೂದಿಲ್ಲ."

ಎಡಗೋಡೆ ಎಳೆದೆ, ಕೈ ಎತ್ತಿದೆ. ಮೇಲಿಂದ ಬಲಕ್ಕೆ ಇಳಿಸಿದೆ, ಕೈ ಎತ್ತಿದೆ. ಒಳಗಿನ ಅಡ್ಡ, ಒಳಗಿನ ಉದ್ದ, ಕೊನೆಗೆ ಕೆಳಗಿನದು. ಪೇಂಟು ನೀರಿನ ಹಾಗಲ್ಲ, ದಪ್ಪ, ಎಳೆದ ಕಡೆ ಬರುವುದಿಲ್ಲ. ಆದರೂ ಅವತ್ತು ನನ್ನ ಕೈ ಒಂದು ಸಲವೂ ತಪ್ಪಲಿಲ್ಲ. ಎರಡನೆಯ ಅಕ್ಷರದ ಚುಕ್ಕೆ ಇಡುವಾಗ ಉಸಿರು ಹಿಡಿದಿದ್ದೆ. ಮೂರನೆಯದನ್ನೂ ಮುಗಿಸಿ ಸ್ಟೂಲಿನಿಂದ ಇಳಿದೆ. ಕಾಕಾ ರಸ್ತೆಯ ಆಚೆ ಹೋಗಿ ನಿಂತು ನೋಡಿ, ಅಡ್ಡಿಯಿಲ್ಲ, ಸ್ಟೇಷನ್ನಿನಿಂದಲೇ ಕಾಣುತ್ತದೆ ಎಂದ. ತಿಯೆನ್ ಡಾಕ್ಟರ ಪೂರ್ತಿ ಹೆಸರು ವಿಕ್ರೋಳಿ ಸ್ಟೇಷನ್ ರಸ್ತೆಯಲ್ಲಿ, ಹಳದಿಯ ಮೇಲೆ ಕೆಂಪಗೆ, ಆಳೆತ್ತರಕ್ಕೆ ನಿಂತಿತ್ತು. ನಮ್ಮವರಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ.

ಮುಹೂರ್ತದ ದಿನ ಅಯ್ಯನವರು ಬಂದರು. ಮಂತ್ರ ಹೇಳಿ ಬೋರ್ಡಿಗೆ ವಿಭೂತಿ ಹಚ್ಚಿದರು, ಹೂವಿನ ಮಾಲೆ ಹಾಕಿದರು. ಅಜ್ಜಿ ಆರತಿ ಬೆಳಗಿ, ಬಾಗಿ, ಎರಡೂ ಕೈ ಜೋಡಿಸಿದಳು. ಅಪ್ಪ ಕಾಯಿ ಒಡೆದ. ಬಿಲ್ಡಿಂಗಿನವರನ್ನೆಲ್ಲ ಕರೆದಿದ್ದರು, ಲೋಕಾರೂಢಿಗೆ ಮೇ ಆಂಟಿಯನ್ನೂ. ಅವಳು ಬಂದಾಗ ಪೇಢೆ ಹಂಚುತ್ತಿದ್ದರು. ಬೋರ್ಡಿನ ಕಡೆ ಕಣ್ಣು ಹಾಯಿಸಿದವಳು ನಿಂತೇಬಿಟ್ಟಳು. ತಾನು ಹುಟ್ಟಿದಂದಿನಿಂದ ದವಾಖಾನೆಯ ಬಾಗಿಲ ಮೇಲೆ ನೋಡಿದ ಮೂರು ಅಕ್ಷರ ಅವು. ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಕಣ್ಣು ತಪ್ಪಿಸಲಿಲ್ಲ. ಅವಳು ಪೇಢೆಯನ್ನು ಪರ್ಸಿನೊಳಗೆ ಇಟ್ಟು, ಕೈಗಳನ್ನು ಮೈಗೆ ಒತ್ತಿಕೊಂಡು, ಬೋರ್ಡಿಗೆ ಮೂರು ಸಲ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. ನೋಡ್ರಿ, ಅವರ ಪೈಕಿ ಹಿಂಗ ಮಾಡ್ತಾರ ಎಂದು ಅಪ್ಪ ಅಯ್ಯನವರಿಗೆ ವಿವರಿಸಿದ. ಹೋಗುವಾಗ ಆಂಟಿ ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಮರುವರ್ಷ ಪಾರ್ಲರ್ ಮುಚ್ಚಿ ಕಲ್ಕತ್ತೆಯ ಬಳಗದವರ ಹತ್ತಿರ ಹೋದಳು.

ನಾನು ಆ ಬೋರ್ಡಿನ ನಂತರ ಕುಂಚ ಹಿಡಿಯಲಿಲ್ಲ. ಬರೆಯುವುದೆಲ್ಲ ಬರೆದು ಮುಗಿದಿತ್ತು. ಅಪ್ಪ, ಅಜ್ಜಿ, ಅವ್ವ ಒಬ್ಬೊಬ್ಬರಾಗಿ ಹೋದರು. ಕಾಕಾನ ಅಂಗಡಿ ಬೆಳೆಯಿತು. ಈಗ ಅವನ ಮಗ ಪ್ರವೀಣ ನಡೆಸುತ್ತಾನೆ, ಮಲಾಡಿನಲ್ಲೂ ಒಂದು ತೆಗೆದಿದ್ದಾನೆ. ಹಲಗೆ ಹೋಗಿ ದೀಪದ ಬೋರ್ಡು ಬಂತು. ಆದರೆ ಆ ಮೂರು ಅಕ್ಷರ ಬದಲಾಗಲಿಲ್ಲ. ನಮ್ಮ ಅಂಗಡಿಗೆ ಅದೇ ಲಕ್ಕಿ ಎಂದು ಕಾಕಾ ಹಟ ಹಿಡಿದು ಫೋಟೋ ತೆಗೆಸಿ ಹಾಗೆ ಹಾಗೇ ಅಚ್ಚು ಹಾಕಿಸಿದ. ಪಾರ್ಸಲ್ ಡಬ್ಬಿಯ ಮೇಲೆ, ಕೈಚೀಲದ ಮೇಲೆ, ಹುಡುಗರ ಟೋಪಿಯ ಮೇಲೆ ಅದೇ. ದಿನಾ ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಬೋರ್ಡಿಗೆ ಊದಿನಕಡ್ಡಿ ಬೆಳಗದೆ ಒಲೆ ಹಚ್ಚುವುದಿಲ್ಲ. ಸಂಜೆ ಮತ್ತೊಮ್ಮೆ.

ಕಳೆದ ತಿಂಗಳು ಪ್ರವೀಣ ಫೋನ್ ಮಾಡಿದ. ಅವನ ಕನ್ನಡ ಹಿಂದಿಯ ಊರುಗೋಲು ಇಲ್ಲದೆ ನಡೆಯುವುದಿಲ್ಲ.

"ದೀದಿ, ಅಪುನ್ ಕಾ ಮೆನು ಕಾರ್ಡ್ ಹೊಸಾದು ಮಾಡಾಕತ್ತೀವಿ. ಬೋರ್ಡ್ ಮೇಲೆ ಬರೆದಿದ್ದಕ್ಕೆ ಮತಲಬ್ ಏನು, ಡಿಸೈನರ್ ಕೇಳ್ತಾನೆ. ನೀವೇ ಬರೆದಿದ್ದಂತೆ ನಾ? ಪಪ್ಪಾ ಬಾಜೂಗೇ ಇದಾರೆ, ಸ್ಪೀಕರ್ ಮೇಲೆ ಹಾಕ್ತೀನಿ."

ಕಾಕಾನ ಉಬ್ಬಸದ ಉಸಿರು ಕೇಳಿಸಿತು. ಈಗ ಎಂಬತ್ತರ ಹತ್ತಿರ. ಮೆಲ್ಲಗೆ ಹೇಳಬಹುದಿತ್ತು, ಏನೋ ಒಂದು ಶುಭದ ಮಾತು ಎಂದು ಸಾಗಹಾಕಬಹುದಿತ್ತು. ಮೋರಿಯ ಬಾಗಿಲು ಗುದ್ದಿದ ಕೈ ಇದು, ಫೋನನ್ನು ಗಟ್ಟಿಯಾಗಿ ಹಿಡಿಯಿತು.

"ಮತಲಬ್ ಏನೂ ಇಲ್ಲ ಪ್ರವೀಣ. ಒಬ್ಬರ ಹೆಸರು ಅದು. ನಮ್ಮ ಬಿಲ್ಡಿಂಗಿನಾಗ ಕೆಳಗಿದ್ದರು, ತಿಯೆನ್ ಡಾಕ್ಟರ್. ಅವರ ಗೋರಿ ಮ್ಯಾಲ ಬರೀಬೇಕಾಗಿತ್ತು. ಕಾಕಾ ಬ್ಯಾಡ ಅಂದಿದ್ದ. ಅದಕ್ಕ ಅಂಗಡಿ ಮ್ಯಾಲ ಬರದೆ."

ಪ್ರವೀಣ ಏನೋ ಹೇಳಲು ಹೋದ, ಕಾಕಾ ಅವನನ್ನು ಸುಮ್ಮನಿರಿಸಿದ.

"ಅಂದ್ರ ಗಿರಿಜಾ, ಇಷ್ಟ ವರ್ಷ ನಾವು ಆ ಸತ್ತ ಮುದುಕನ ಹೆಸರಿಗೆ ಊದಿನಕಡ್ಡಿ ಬೆಳಗೇವೇನು?"

"ಹೂಂ ಕಾಕಾ. ದಿನಾ ಎರಡು ಹೊತ್ತು."